ಇಂದಿನ ಧಮ್ಮ ಚಿಂತನೆ: ಹೆಣದ ಮೇಲಿನ ಹುಳ ಹೇಳುವ ಸತ್ಯ





ಮಹಾಸತಿಪಟ್ಠಾನ ಸುತ್ತದ ನಮ್ಮ ಓದು ಈಗ ಸ್ಮಶಾನದ ಒಂಬತ್ತು ಚಿಂತನೆಗಳಿಗೆ ಬಂದು ನಿಂತಿದೆ. ಬಳಗದ ತಂಗಿಯೊಬ್ಬಳು ಕೇಳಿದಳು: “ಸರ್, ಮುಂಜಾನೆದ್ದು ಹೆಣದ ಮಾತು ಯಾಕ ಓದಬೇಕ್ರಿ? ಇದೊಂದು ಭಾಗ ಬಿಟ್ಟು ಮುಂದ ಹೋಗೂಣಲ್ಲ?” ಅದಕ್ಕೆ ಶವಾಗಾರದಲ್ಲಿ ಬಹಳ ವರ್ಷ ದುಡಿದ ನಮ್ಮ ಹಿರಿಯಣ್ಣ ಹೇಳಿದರು: “ತಂಗಿ, ಹುಳಕ್ಕ ಜಾತಿ ಗೊತ್ತಿಲ್ಲ, ಶ್ರೀಮಂತಿಕಿ ಗೊತ್ತಿಲ್ಲ. ಯಾರ ಹೆಣಾನ ಇರಲಿ, ಅಷ್ಟ ಹೊತ್ತಿಗೆ ಅಷ್ಟ ಹುಳಾ. ಅದು ಸುಳ್ಳು ಹೇಳಂಗಿಲ್ಲ.”

ಪ್ರೌಢಶಾಲೆಯಲ್ಲಿ ಬಹುಕಾಲ ಜೀವಶಾಸ್ತ್ರ ಪಾಠ ಮಾಡಿದವನು ನಾನು. ಅಣ್ಣನ ಈ ಮಾತು ನನ್ನನ್ನು ಬಿಡಲಿಲ್ಲ. ಅದರ ಮೇಲೆಯೇ ಇಂದಿನ ಚಿಂತನೆ.

⚠️ ಮೊದಲೇ ಒಂದು ಮಾತು. ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದರೆ, ಅಥವಾ ಮನಸ್ಸು ಬಹಳ ಭಾರವಾಗಿದ್ದರೆ, ಇದನ್ನು ಇಂದು ಓದಬೇಡಿ. ಹತ್ತು ನಿಮಿಷ ಉಸಿರಿನ ಮೇಲೆ ಗಮನವಿಟ್ಟು ಕೂಡಿರಿ. ಹೀಗೆ ಯಾಕೆ ಹೇಳಿದೆ ಎಂಬುದು ಕೊನೆಯಲ್ಲಿ ಬರುತ್ತದೆ.

*1. ಸುತ್ತದಲ್ಲಿ ಏನಿದೆ?*

ಭಗವಾನರು ಭಿಕ್ಖುಗಳಿಗೆ ಸ್ಮಶಾನದಲ್ಲಿ ಎಸೆದ ದೇಹವನ್ನು ದಿನದ ಲೆಕ್ಕದಲ್ಲಿ ನೋಡಲು ಹೇಳುತ್ತಾರೆ. ಮೊದಲನೆಯದು, ಸತ್ತು ಒಂದು, ಎರಡು, ಮೂರು ದಿನವಾದ ದೇಹ: ಉಬ್ಬಿದೆ, ಬಣ್ಣಗೆಟ್ಟಿದೆ, ಕೀವು ಸೋರುತ್ತಿದೆ. ಎರಡನೆಯದು, ಕಾಗೆ, ಹದ್ದು, ರಣಹದ್ದು, ನಾಯಿ, ನರಿ ಮತ್ತು ಬಗೆಬಗೆಯ ಹುಳಗಳು ತಿನ್ನುತ್ತಿರುವ ದೇಹ. ಆಮೇಲೆ ಮಾಂಸ, ರಕ್ತ ಅಂಟಿದ ಅಸ್ಥಿಪಂಜರ; ಮಾಂಸವಿಲ್ಲದೆ ರಕ್ತ ಮೆತ್ತಿದ ಪಂಜರ; ಎರಡೂ ಇಲ್ಲದೆ ನರದಿಂದಷ್ಟೇ ಹಿಡಿದುಕೊಂಡ ಪಂಜರ; ದಿಕ್ಕಿಗೊಂದು ಚದುರಿದ ಎಲುಬು; ಶಂಖದಂತೆ ಬಿಳಿಯಾದ ಎಲುಬು; ವರ್ಷ ಕಳೆದ ಎಲುಬಿನ ರಾಶಿ; ಕೊನೆಗೆ ಪುಡಿಯಾದ ಎಲುಬು. ಹೀಗೆ ಒಂಬತ್ತು.

ಪ್ರತಿಯೊಂದರ ಕೊನೆಯಲ್ಲಿ ಭಿಕ್ಖು ತನ್ನ ದೇಹದ ಕಡೆಗೇ ತಿರುಗುತ್ತಾನೆ: ಇದೂ ಅದೇ ಸ್ವಭಾವದ್ದು, ಇದೂ ಹಾಗೆಯೇ ಆಗುವಂಥದ್ದು, ಇದಕ್ಕೂ ವಿನಾಯಿತಿ ಇಲ್ಲ.

ಇಲ್ಲಿ ದೆವ್ವವಿಲ್ಲ, ಸೂತಕವಿಲ್ಲ, ಶಾಪವಿಲ್ಲ. ಇರುವುದು ನೋಟ ಮಾತ್ರ. 1894ರಲ್ಲಿ ಫ್ರಾನ್ಸಿನ ಪಶುವೈದ್ಯ ಮೆಗ್ನಾಂ ಹೆಣದ ಕೀಟಗಳ ಬಗ್ಗೆ ಪುಸ್ತಕ ಬರೆದು, ಬಯಲಿನಲ್ಲಿ ಬಿದ್ದ ದೇಹಕ್ಕೆ ಕೀಟಗಳು ಎಂಟು ತಂಡಗಳಾಗಿ ಒಂದರ ಹಿಂದೆ ಒಂದು ಬರುತ್ತವೆ ಎಂದು ವಿವರಿಸಿದ. ಭಗವಾನರ ಗುರಿ ವಿಮುಕ್ತಿ, ಮೆಗ್ನಾಂನ ಗುರಿ ನ್ಯಾಯಾಲಯ. ಆದರೆ ಇಬ್ಬರೂ ಕಣ್ಣು ತಿರುಗಿಸಲಿಲ್ಲ.

*2. ಹುಳ ಎಲ್ಲಿಂದ ಬರುತ್ತದೆ?*

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ರೈತರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಎಮ್ಮೆಯ ಕೊಂಬಿನ ಬುಡದಲ್ಲಿ ಗಾಯವಾಗಿ ಎರಡು ದಿನ ನೋಡದೆ ಬಿಟ್ಟರೆ “ಹುಳಾ ಬಿದ್ದಾವು” ಎನ್ನುತ್ತೇವೆ, ಟರ್ಪೆಂಟೈನ್ ಎಣ್ಣೆ ಹುಡುಕುತ್ತೇವೆ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕದೊಳಗೆ ನೀರು ನುಗ್ಗಿದ್ದನ್ನು ಕಂಡವರಿಗೆ, ಸತ್ತ ಜೀವದ ಮೇಲೆ ನೊಣ ಎಷ್ಟು ಬೇಗ ಮುತ್ತುತ್ತದೆ ಎಂಬುದೂ ಗೊತ್ತು.

ಹುಳ “ಬೀಳುವುದಿಲ್ಲ”. ನೊಣ ಮೊಟ್ಟೆ ಇಡುತ್ತದೆ. ಹಸಿರು-ನೀಲಿಯಾಗಿ ಲೋಹದಂತೆ ಹೊಳೆಯುವ ದೊಡ್ಡ ನೊಣಗಳನ್ನು ನೀವು ಮಾಂಸದಂಗಡಿಯ ಮುಂದೆ, ತಿಪ್ಪೆಯ ಮೇಲೆ ನೋಡಿರುತ್ತೀರಿ. ಅವುಗಳಲ್ಲಿ ಕ್ರೈಸೊಮೈಯಾ ಎಂಬ ಕುಲದವು ನಮ್ಮ ದೇಶದಲ್ಲಿ ಬಹಳ. ಹಗಲು ಹೊತ್ತು, ಬಿಸಿಲಿನ ದಿನವಾಗಿದ್ದರೆ ಕೆಲವೇ ನಿಮಿಷಗಳಲ್ಲಿ ಅವು ವಾಸನೆ ಹಿಡಿದು ಬರುತ್ತವೆ. ಕಣ್ಣು, ಮೂಗು, ಬಾಯಿ, ಗಾಯದ ಅಂಚು, ಹೀಗೆ ಹಸಿಯಾದ ಜಾಗ ಹುಡುಕಿ, ನುಚ್ಚಕ್ಕಿಯಂಥ ಬಿಳಿ ಮೊಟ್ಟೆಗಳನ್ನು ಗುಂಪುಗುಂಪಾಗಿ ಇಡುತ್ತವೆ. ಬೂದು ಬಣ್ಣದ, ಬೆನ್ನ ಮೇಲೆ ಗೆರೆಯಿರುವ ಮಾಂಸದ ನೊಣಗಳು ಮೊಟ್ಟೆಯ ಬದಲು ಜೀವಂತ ಮರಿಹುಳಗಳನ್ನೇ ಬಿಡುತ್ತವೆ.

ನಮ್ಮಂಥ ಸೆಕೆಯ ನಾಡಿನಲ್ಲಿ ಮೊಟ್ಟೆ ಸುಮಾರು ಒಂದು ದಿನದೊಳಗೆ ಒಡೆಯುತ್ತದೆ. ಮರಿಹುಳ ಎರಡು ಸಲ ಪೊರೆ ಕಳಚಿ ಮೂರು ಹಂತ ದಾಟುತ್ತದೆ. ಅದರ ಹಿಂಬದಿಯಲ್ಲಿ ಉಸಿರಾಡುವ ಸೀಳುಗಳಿರುತ್ತವೆ. ಎರಡನೆಯ ಹಂತದಲ್ಲಿ ಎರಡೆರಡು ಸೀಳು, ಮೂರನೆಯದರಲ್ಲಿ ಮೂರು ಮೂರು. ಸೂಕ್ಷ್ಮದರ್ಶಕದಲ್ಲಿ ಇವನ್ನು ಎಣಿಸಿ ಹುಳದ ವಯಸ್ಸು ಹೇಳುತ್ತಾರೆ, ನಾವು ದನದ ಹಲ್ಲು ನೋಡಿ ವಯಸ್ಸು ಹೇಳಿದ ಹಾಗೆ. ಹೊಟ್ಟೆ ತುಂಬಿದ ಹುಳ ದೇಹ ಬಿಟ್ಟು ದೂರ ಸರಿದು, ಮಣ್ಣಿನೊಳಗೆ ಹೋಗಿ, ಕಂದು ಬಣ್ಣದ ಗಟ್ಟಿ ಕೋಶವಾಗುತ್ತದೆ. ಆ ಕೋಶ ಒಡೆದು ಹೊಸ ನೊಣ ಬರುತ್ತದೆ. ಸೆಕೆಗಾಲದಲ್ಲಿ ಮೊಟ್ಟೆಯಿಂದ ನೊಣದವರೆಗೆ ಈ ಸುತ್ತು ಸುಮಾರು ಹತ್ತು ದಿನದ್ದು.

ನೊಣದ ಹುಳಗಳನ್ನು ತಿನ್ನಲು ಜೀರುಂಡೆಗಳು ಬರುತ್ತವೆ. ಮೈತುಂಬ ಮುಳ್ಳಿನಂಥ ಚಾಚುಗಳಿರುವ ಒಂದು ಜಾತಿಯ ಮರಿಹುಳ ಬೇರೆ ಹುಳಗಳನ್ನೂ ತಿನ್ನುತ್ತದೆ. ಎಲ್ಲ ಒಣಗಿ ಚರ್ಮ, ಎಲುಬು ಮಾತ್ರ ಉಳಿದಾಗ ಒಣ ಚರ್ಮ ತಿನ್ನುವ ಡರ್ಮೆಸ್ಟಿಡ್ ಜೀರುಂಡೆಗಳ ಸರದಿ. ಯಾರು ಬಂದಿದ್ದಾರೆ, ಯಾರು ಬಂದು ಹೋಗಿದ್ದಾರೆ, ಯಾರು ಇನ್ನೂ ಬಂದಿಲ್ಲ ಎಂಬುದರಲ್ಲಿ ಸಾವಿನ ದಿನ ಅಡಗಿರುತ್ತದೆ.

*3. ಲೆಕ್ಕ ಹಾಕುವುದು ಹೇಗೆ?*

ಹುಳಕ್ಕೆ ತನ್ನದೇ ಆದ ಬಿಸಿ ರಕ್ತವಿಲ್ಲ. ಸುತ್ತಲಿನ ಶಾಖ ಎಷ್ಟೋ ಅದರ ಬೆಳವಣಿಗೆಯೂ ಅಷ್ಟೇ. ತಿಳಿಯಲು ಒಂದು ಕಲ್ಪಿತ ಲೆಕ್ಕ ತೆಗೆದುಕೊಳ್ಳೋಣ. ಒಂದು ಜಾತಿಯ ಹುಳ 10 ಡಿಗ್ರಿಗಿಂತ ಕೆಳಗೆ ಬೆಳೆಯುವುದೇ ಇಲ್ಲ, ಪೂರ್ತಿ ಬೆಳೆಯಲು ಅದಕ್ಕೆ ಒಟ್ಟು 90 ಡಿಗ್ರಿ-ದಿನ ಬೇಕು ಎಂದುಕೊಳ್ಳಿ. ದಿನದ ಸರಾಸರಿ ಶಾಖ 25 ಡಿಗ್ರಿ ಇದ್ದರೆ ಅದಕ್ಕೆ ದಿನಕ್ಕೆ 15 ಸಿಗುತ್ತದೆ. ಆರು ದಿನ ಸಾಕು. ಸರಾಸರಿ 20 ಇದ್ದರೆ ದಿನಕ್ಕೆ 10 ಮಾತ್ರ. ಒಂಬತ್ತು ದಿನ ಬೇಕು. ಹುಳ ಒಂದೇ, ಬೇಸಿಗೆಗೊಂದು ಲೆಕ್ಕ, ಚಳಿಗಾಲಕ್ಕೊಂದು ಲೆಕ್ಕ.

ಆದ್ದರಿಂದ ಪರೀಕ್ಷೆ ಮಾಡುವವರು ದೇಹ ಸಿಕ್ಕ ಜಾಗದ ಶಾಖ ಅಳೆಯುತ್ತಾರೆ, ಹತ್ತಿರದ ಹವಾಮಾನ ಕೇಂದ್ರದ ಹಿಂದಿನ ದಿನಗಳ ದಾಖಲೆ ತರಿಸುತ್ತಾರೆ. ಎಲ್ಲಕ್ಕಿಂತ ದೊಡ್ಡ ಹುಳಗಳನ್ನು ಹುಡುಕಿ, ಕೆಲವನ್ನು ಬಿಸಿನೀರಿಗೆ ಹಾಕಿ ಮದ್ಯಸಾರದಲ್ಲಿ ಇಡುತ್ತಾರೆ. ಕೆಲವನ್ನು ಜೀವಂತವಾಗಿ ಸಾಕಿ ಯಾವ ಜಾತಿಯ ನೊಣವಾಗುತ್ತದೆ ಎಂದು ನೋಡುತ್ತಾರೆ. ಸುತ್ತಲಿನ ಮಣ್ಣಿನಲ್ಲಿ ಕೋಶಗಳಿವೆಯೇ ಎಂದು ಜರಡಿ ಹಿಡಿಯುತ್ತಾರೆ. ಸಾವಿರಾರು ಹುಳ ಒಂದೆಡೆ ಸೇರಿದರೆ ಅವುಗಳ ಗುಂಪಿನೊಳಗಿನ ಶಾಖ ಹೊರಗಿನದಕ್ಕಿಂತ ಬಹಳ ಹೆಚ್ಚಾಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ದೇಹವನ್ನು ಚಾದರದಲ್ಲಿ ಸುತ್ತಿದ್ದರೆ, ಮಣ್ಣಿನಲ್ಲಿ ಹೂತಿದ್ದರೆ, ಕಾಲುವೆಯ ನೀರಿನೊಳಗಿದ್ದರೆ ನೊಣ ತಡವಾಗಿ ಬರುತ್ತದೆ. ರಾತ್ರಿ ಹೊತ್ತು, ಜೋರು ಮಳೆಯಲ್ಲಿ ನೊಣ ಮೊಟ್ಟೆ ಇಡುವುದು ಅಪರೂಪ.

ಇಲ್ಲಿ ಒಂದು ವಿನಯವೂ ಇದೆ. ಹುಳ ಹೇಳುವುದು ಸಾವಿನ ಗಳಿಗೆಯನ್ನಲ್ಲ. ಮೊದಲ ಮೊಟ್ಟೆ ಇಟ್ಟು ಎಷ್ಟು ಹೊತ್ತಾಯಿತು ಎಂಬುದನ್ನು. ಅಲ್ಲಿಂದ ಸಾವಿಗೆ ಹೋಗಬೇಕಾದರೆ ಉಳಿದ ಕಾರಣಗಳನ್ನೂ ತೂಗಬೇಕು.

ಬಂಧುಗಳೇ, ಇದೇ ಅಲ್ಲವೇ ಪಟಿಚ್ಚಸಮುಪ್ಪಾದ? ಇದು ಇದ್ದರೆ ಅದು ಇರುತ್ತದೆ. ಇದು ಇಲ್ಲದಿದ್ದರೆ ಅದು ಇಲ್ಲ. ಶಾಖ ಇದ್ದರೆ ಬೆಳವಣಿಗೆ, ನೊಣ ಬಂದರೆ ಮೊಟ್ಟೆ, ದಾರಿ ಮುಚ್ಚಿದರೆ ಮೊಟ್ಟೆ ಇಲ್ಲ. ಯಾವುದೂ ತನ್ನಷ್ಟಕ್ಕೆ ತಾನೇ ಹುಟ್ಟುವುದಿಲ್ಲ.

*4. ಹಳೆಯ ಮಾತು, ಹೊಸ ಪರೀಕ್ಷೆ*

ಮಜ್ಝಿಮ ನಿಕಾಯದ ಮಹಾಸೀಹನಾದ ಸುತ್ತದಲ್ಲಿ ಜೀವಿಗಳ ಹುಟ್ಟಿನ ನಾಲ್ಕು ಬಗೆ ಬರುತ್ತದೆ. ಅದರಲ್ಲಿ ಕೊಳೆತ ಮೀನು, ಕೊಳೆತ ಹೆಣ, ಚರಂಡಿಯಲ್ಲಿ ಹುಟ್ಟುವವನ್ನು ಸಂಸೇದಜ, ಅಂದರೆ ತೇವದಿಂದ ಹುಟ್ಟುವವು ಎಂದಿದೆ. ಆ ಕಾಲದಲ್ಲಿ ಜಗತ್ತಿನ ಬೇರೆಡೆಯೂ ಜನ ಹಾಗೆಯೇ ತಿಳಿದಿದ್ದರು. 1668ರಲ್ಲಿ ಇಟಲಿಯ ಫ್ರಾನ್ಸೆಸ್ಕೊ ರೆಡಿ ಒಂದು ಸರಳ ಪರೀಕ್ಷೆಯನ್ನು ಪ್ರಕಟಿಸಿದ. ಕೆಲವು ಜಾಡಿಗಳಲ್ಲಿ ಮಾಂಸವನ್ನು ತೆರೆದಿಟ್ಟ, ಕೆಲವನ್ನು ತೆಳು ಬಟ್ಟೆಯಿಂದ ಮುಚ್ಚಿದ. ತೆರೆದ ಜಾಡಿಯ ಮಾಂಸದಲ್ಲಿ ಹುಳ ಬಂತು. ಮುಚ್ಚಿದ್ದರ ಮಾಂಸದಲ್ಲಿ ಬರಲಿಲ್ಲ. ಆ ಹುಳ ನೊಣದ ಮೊಟ್ಟೆಯಿಂದ ಬಂದದ್ದು ಎಂದು ಗೊತ್ತಾಯಿತು.

ಇದರಿಂದ ಧಮ್ಮಕ್ಕೆ ಕುಂದು ಬಂತೇ? ಇಲ್ಲ. ಕಾಲಾಮರಿಗೆ ಭಗವಾನರು ಹೇಳಿದ್ದೇನು? ಪರಂಪರೆಯಲ್ಲಿದೆ, ಗ್ರಂಥದಲ್ಲಿದೆ ಎಂಬ ಒಂದೇ ಕಾರಣಕ್ಕೆ ಒಪ್ಪಬೇಡಿ ಎಂದು. ಬಾಬಾಸಾಹೇಬರು ನಮಗೆ ಕೊಟ್ಟಿರುವುದು ಇದೇ ದಾರಿ. ಜಾಡಿಯ ಮೇಲೆ ಬಟ್ಟೆ ಕಟ್ಟಿ ನೋಡಿದವನು ಕಾಲಾಮ ಸುತ್ತವನ್ನು ಓದದೆಯೇ ಪಾಲಿಸಿದ ಎನ್ನೋಣ.

*5. ಹುಳದ ಸಾಕ್ಷಿ*

1247ರಲ್ಲಿ ಚೀನಾದ ನ್ಯಾಯಾಧಿಕಾರಿ ಸಾಂಗ್ ಸಿ ಶವಪರೀಕ್ಷೆಯ ಒಂದು ಗ್ರಂಥ ಬರೆದ. ಅದರಲ್ಲಿ ಒಂದು ಪ್ರಸಂಗವಿದೆ. ಹಳ್ಳಿಯಲ್ಲಿ ಒಬ್ಬನ ಕೊಲೆಯಾಗಿತ್ತು, ಗಾಯ ಕುಡಗೋಲಿನದು. ತನಿಖೆಯ ಅಧಿಕಾರಿ ಊರವರ ಕುಡಗೋಲುಗಳನ್ನೆಲ್ಲ ತರಿಸಿ ಬಿಸಿಲಲ್ಲಿ ಸಾಲಾಗಿ ಇಡಿಸಿದ. ಒಂದರ ಮೇಲೆ ಮಾತ್ರ ನೊಣ ಮುತ್ತಿದವು. ತೊಳೆದರೂ ಕಣ್ಣಿಗೆ ಕಾಣದ ರಕ್ತದ ಅಂಶ ಅದರಲ್ಲಿ ಉಳಿದಿತ್ತು. ಅದರ ಒಡೆಯ ತಪ್ಪೊಪ್ಪಿಕೊಂಡ. ಕಬ್ಬು ಕಡಿಯುವ ಹಂಗಾಮಿನಲ್ಲಿ ನಮ್ಮ ಹೊಲಗಳಲ್ಲಿ ಎಷ್ಟು ಕುಡಗೋಲು, ಕೊಯ್ತಾಗಳಿರುತ್ತವೆ ನೆನೆಸಿಕೊಳ್ಳಿ. ಮನುಷ್ಯನ ಕಣ್ಣಿಗೆ ಎಲ್ಲವೂ ಒಂದೇ. ನೊಣಕ್ಕೆ ಅಲ್ಲ.

1850ರಲ್ಲಿ ಫ್ರಾನ್ಸಿನ ಒಂದು ಮನೆಯ ದುರಸ್ತಿ ಮಾಡುವಾಗ ಗೋಡೆಯೊಳಗೆ ಮಗುವಿನ ಒಣಗಿದ ದೇಹ ಸಿಕ್ಕಿತು. ಆಗ ಮನೆಯಲ್ಲಿದ್ದವರ ಮೇಲೆ ಎಲ್ಲರ ಸಂಶಯ. ವೈದ್ಯ ಬರ್ಜೆರೆ ಅದರಲ್ಲಿದ್ದ ಕೀಟಗಳ ಕುರುಹು ನೋಡಿ, ಸಾವು 1848ರಷ್ಟು ಹಿಂದಿನದು ಎಂದ. ಈಗಿನವರ ಮೇಲಿನ ಸಂಶಯ ಹೋಯಿತು. ಕೀಟಗಳ ಬಗ್ಗೆ ಅವನ ತಿಳಿವಳಿಕೆ ಇಂದಿನಷ್ಟು ಪಕ್ವವಾಗಿರಲಿಲ್ಲ, ಆದರೆ ದಾರಿ ತೆರೆದುಕೊಂಡಿತು.

1935ರ ಸೆಪ್ಟೆಂಬರ್ 29ರಂದು ಸ್ಕಾಟ್ಲೆಂಡಿನ ಮೊಫಾಟ್ ಬಳಿಯ ಹಳ್ಳವೊಂದರಲ್ಲಿ ಕತ್ತರಿಸಿದ ದೇಹಗಳ ಭಾಗಗಳು ಸಿಕ್ಕವು. ಗುರುತು ಹತ್ತಬಾರದೆಂದು ಮುಖ, ಬೆರಳುಗಳನ್ನೂ ಕೆಡಿಸಲಾಗಿತ್ತು. ಗ್ಲಾಸ್ಗೋದ ಅಲೆಕ್ಸಾಂಡರ್ ಮಿಯರ್ನ್ಸ್ ಹುಳಗಳನ್ನು ಪರೀಕ್ಷಿಸಿ, ಅವುಗಳ ವಯಸ್ಸು 12ರಿಂದ 14 ದಿನ ಎಂದರು. ಆ ಹೊತ್ತಿಗೇ ಲ್ಯಾಂಕಾಸ್ಟರಿನಿಂದ ಇಬ್ಬರು ಹೆಣ್ಣುಮಕ್ಕಳು ಕಾಣೆಯಾಗಿದ್ದರು: ಮುಂಬಯಿಯಲ್ಲಿ ಹುಟ್ಟಿ ಅಲ್ಲಿ ವೈದ್ಯನಾಗಿದ್ದ ಬಕ್ ರಕ್ಸ್‌ಟನ್‌ನ ಹೆಂಡತಿ ಇಸಾಬೆಲ್ಲಾ, ಮತ್ತು ಮನೆಗೆಲಸದ ಹುಡುಗಿ ಮೇರಿ ರೋಜರ್ಸನ್. ಉಳಿದ ಸಾಕ್ಷ್ಯಗಳ ಜೊತೆ ಹುಳದ ಲೆಕ್ಕವೂ ಹೊಂದಿತು. 1936ರ ಮೇ 12ರಂದು ರಕ್ಸ್‌ಟನ್‌ಗೆ ಗಲ್ಲಾಯಿತು.

ಗಲ್ಲಿಗೆ ಹರ್ಷಪಡುವುದು ನಮ್ಮ ಶೀಲವಲ್ಲ. ನನ್ನ ಮನಸ್ಸು ನಿಲ್ಲುವುದು ಆ ಹೆಣ್ಣುಮಕ್ಕಳ ಮೇಲೆ. ಓದಿದವನು, ಊರಿನ ಗೌರವಸ್ಥ, ದೇಹದ ವಿದ್ಯೆ ಬಲ್ಲವನು ಅವರ ಹೆಸರನ್ನೇ ಅಳಿಸಲು ಹೊರಟಿದ್ದ. ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ಹುಳ ಅವರ ಪರವಾಗಿ ನಿಂತಿತು.

*6. ನಮ್ಮ ಊರಲ್ಲಿ*

ಪಟಿಯಾಲದ ಪಂಜಾಬಿ ವಿಶ್ವವಿದ್ಯಾಲಯದವರು ಈ ಬಗೆಯ ನಮ್ಮ ದೇಶದ ನೊಣಗಳ ಅಧ್ಯಯನ ಮಾಡಿದ್ದಾರೆ. ನಮ್ಮ ಹತ್ತಿರದ ಧಾರವಾಡಕ್ಕೇ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಶಾಖೆ ಬಂದಿದೆ. ವಿಜ್ಞಾನ ಓದುವ ನಮ್ಮ ಮಕ್ಕಳು ಇದನ್ನು ತಿಳಿದಿರಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮು, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆನ್ನುತ್ತದೆ. ರಾಜ್ಯಗಳು ಇದನ್ನು ಐದು ವರ್ಷದೊಳಗೆ ಜಾರಿಗೆ ತರಬೇಕು.

ಹೊಲದಲ್ಲೋ ಕಾಲುವೆಯ ದಂಡೆಯಲ್ಲೋ ಯಾರದಾದರೂ ದೇಹ ಕಂಡರೆ ನಾವು ಮಾಡಬೇಕಾದ್ದು ಇಷ್ಟು:
▪️ 112ಕ್ಕೆ ಕರೆ ಮಾಡಿ.
▪️ ಮುಟ್ಟಬೇಡಿ, ಸರಿಸಬೇಡಿ, ಸುತ್ತಲಿನ ಮಣ್ಣು ತುಳಿಯಬೇಡಿ.
▪️ ವಾಸನೆ ಎಂದು ಫಿನಾಯಿಲ್, ಡಿಡಿಟಿ ಪುಡಿ ಹಾಕಬೇಡಿ. ಹುಳ ಸತ್ತರೆ ಸಾಕ್ಷಿ ಸತ್ತಂತೆ.
▪️ ಮೊಬೈಲಿನಲ್ಲಿ ಫೋಟೊ ತೆಗೆದು ಗ್ರೂಪುಗಳಿಗೆ ಹಾಕಬೇಡಿ. ಅದು ಯಾರದೋ ತಾಯಿ, ಯಾರದೋ ಮಗ.

ಇನ್ನೊಂದು ಮಾತು ಹೇಳದೆ ಹೋದರೆ ಈ ಪಾಠ ಪೂರ್ತಿಯಾಗುವುದಿಲ್ಲ. ಸತ್ತ ದನ ಎಳೆಯುವುದು, ಗುರುತಿಲ್ಲದ ಹೆಣ ಎತ್ತುವುದು, ಶವಾಗಾರದಲ್ಲಿ ಕೆಲಸ ಮಾಡುವುದು, ಇವನ್ನು ಈ ದೇಶ ಯಾರ ಹೆಗಲಿಗೆ ಹಾಕಿತು? ಕೊಳೆಯುವ ದೇಹದ ಮೇಲಿನ ಹೇಸಿಗೆಯನ್ನು ಅದನ್ನು ಎತ್ತಿದ ಮನುಷ್ಯನ ಮೇಲೆ ಹೊರಿಸಿತು. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಎಂದು ನಮ್ಮವರಿಗೆ ಹೇಳಿದರು. 1956ರ ಅಕ್ಟೋಬರ್ 15ರ ನಾಗಪುರದ ಭಾಷಣದಲ್ಲೂ ಸತ್ತ ದನ ಎಳೆಯುವ ವಿಷಯ ಎತ್ತಿದರು. ಆ ಮಾತಿನಲ್ಲಿ ಇದ್ದದ್ದು ಕೆಲಸದ ಮೇಲಿನ ತಿರಸ್ಕಾರವಲ್ಲ, ಹುಟ್ಟಿನ ಹೆಸರಲ್ಲಿ ಹೊರಿಸಿದ ಕೆಲಸದ ನಿರಾಕರಣೆ. ಅದೇ ಹುಳವನ್ನು ಪ್ರಯೋಗಾಲಯದಲ್ಲಿ ಹಿಡಿದವರಿಗೆ ತಜ್ಞ ಎಂಬ ಗೌರವ. ಮೊದಲು ಹೆಣ ಎತ್ತಿದವರಿಗೆ ಚಹಾದ ಬೇರೆ ಲೋಟ. ಹುಳಕ್ಕಿಲ್ಲದ ಭೇದ ನಮ್ಮಲ್ಲಿ ಎಲ್ಲಿಂದ ಬಂತು?

*7. ಹೇಸಿಗೆ ಯಾವ ಕಡೆಗೆ?*

ಧಮ್ಮಪದದ ಅಟ್ಠಕಥೆಯಲ್ಲಿ ರಾಜಗೃಹದ ಗಣಿಕೆ ಸಿರಿಮಾಳ ಕಥೆ ಬರುತ್ತದೆ. ಅವಳ ಚೆಲುವಿಗೆ ಒಬ್ಬ ತರುಣ ಭಿಕ್ಖು ಮರುಳಾಗಿ ಊಟ ಬಿಟ್ಟಿದ್ದ. ಅವಳು ತೀರಿಕೊಂಡಾಗ, ಸುಡದೆ ಕಾಯುವಂತೆ ಭಗವಾನರು ಅರಸನಿಗೆ ಹೇಳಿ ಕಳಿಸಿದರು. ನಾಲ್ಕನೆಯ ದಿನಕ್ಕೆ ದೇಹ ಉಬ್ಬಿ ಹುಳಗಳು ಹೊರಬಂದಿದ್ದವು. ಸಾವಿರ ಹಣಕ್ಕೆ ಒಂದು ರಾತ್ರಿ ಸಿಗುತ್ತಿದ್ದವಳನ್ನು ಈಗ ಪುಕ್ಕಟೆ ಕೊಡುತ್ತೇವೆಂದರೂ ಕೊಳ್ಳುವವರಿರಲಿಲ್ಲ.

ಈ ಕಥೆಯನ್ನು ಹೆಣ್ಣಿನ ದೇಹ ಹೊಲಸು ಎಂದು ಓದುವವರಿದ್ದಾರೆ. ಅದು ತಪ್ಪು ಓದು. ಸಿರಿಮಾ ಸೋತಾಪನ್ನಳಾಗಿದ್ದ ಉಪಾಸಿಕೆ, ಭಿಕ್ಖುಗಳಿಗೆ ದಾನ ಕೊಟ್ಟವಳು ಎಂದು ಅದೇ ಕಥೆ ಹೇಳುತ್ತದೆ. ಅಲ್ಲಿ ಬಯಲಾದದ್ದು ಅವಳ ಬೆಲೆಯಲ್ಲ. ಕೊಳ್ಳುತ್ತಿದ್ದವರ ಕಣ್ಣಿನ ಬೆಲೆ. ಸುತ್ತವೂ ‘ಅವರ ದೇಹ’ ಎನ್ನುವುದಿಲ್ಲ, ‘ನನ್ನದೂ ಹಾಗೆಯೇ’ ಎನ್ನುತ್ತದೆ. ಹೇಸಿಗೆಯನ್ನು ಬೇರೆಯವರ ಕಡೆ ತಿರುಗಿಸಿದರೆ ಅದು ಅಸ್ಪೃಶ್ಯತೆ. ತನ್ನ ಕಡೆ ತಿರುಗಿಸಿ ಸಮಚಿತ್ತದಿಂದ ನೋಡಿದರೆ ಅದು ಧ್ಯಾನ.

*8. ಬದುಕಿರುವವರ ಗಾಯ*

ಹುಳ ಹೆಣಕ್ಕೆ ಮಾತ್ರ ಬರುವುದಿಲ್ಲ. ಹಾಸಿಗೆ ಹಿಡಿದ ಮುದುಕರನ್ನು ಹೊರಳಿಸದೆ, ಒರೆಸದೆ ಬಿಟ್ಟರೆ ಬೆನ್ನ ಹುಣ್ಣಿಗೆ ನೊಣ ಮೊಟ್ಟೆ ಇಡುತ್ತದೆ. ಹೊರದೇಶಗಳಲ್ಲಿ ಇಂಥ ಹುಳದ ವಯಸ್ಸು ಲೆಕ್ಕ ಹಾಕಿ, ಎಷ್ಟು ದಿನದಿಂದ ಆರೈಕೆ ತಪ್ಪಿತ್ತು ಎಂದು ಹೇಳಿದ ಪ್ರಕರಣಗಳಿವೆ. ಅಂದರೆ ಹುಳ ನಮ್ಮ ಕರುಣೆಯ ದಿನಗಳನ್ನೂ ಎಣಿಸುತ್ತದೆ.

ಸಾವತ್ಥಿಯಲ್ಲಿ ತಿಸ್ಸ ಎಂಬ ಭಿಕ್ಖುವಿಗೆ ಮೈತುಂಬ ಹುಣ್ಣಾಗಿ ಕೊಳೆತು, ಜೊತೆಗಾರರು ಅವನನ್ನು ಕೈಬಿಟ್ಟಿದ್ದರು. ಜನ ಅವನನ್ನು ಪೂತಿಗತ್ತ, ಅಂದರೆ ಕೊಳೆತ ಮೈಯವನು ಎಂದು ಕರೆದರು. ಭಗವಾನರು ತಾವೇ ನೀರು ಕಾಯಿಸಿ, ಅವನ ಬಟ್ಟೆ ಒಗೆಸಿ, ಮೈ ತೊಳೆಸಿದರು. ಮೈ ಹಗುರಾದ ಮೇಲೆಯೇ ಅವನಿಗೆ ದೇಹದ ಅನಿತ್ಯತೆಯ ಮಾತು ಹೇಳಿದರು. ಕ್ರಮ ಗಮನಿಸಿ: ಮೊದಲು ಬಿಸಿನೀರು, ಆಮೇಲೆ ಬೋಧನೆ.

*9. ಎಚ್ಚರಿಕೆ*

ಸಂಯುತ್ತ ನಿಕಾಯದಲ್ಲಿ ವೇಸಾಲಿಯ ಪ್ರಸಂಗವಿದೆ. ಅಸುಭ ಧ್ಯಾನವನ್ನು ತಪ್ಪಾಗಿ ಹಿಡಿದ ಅನೇಕ ಭಿಕ್ಖುಗಳು ತಮ್ಮ ದೇಹವನ್ನೇ ದ್ವೇಷಿಸಿ ಜೀವ ಕಳೆದುಕೊಂಡರು. ಅದನ್ನು ತಿಳಿದ ಭಗವಾನರು ಉಳಿದವರನ್ನು ಸೇರಿಸಿ ಆನಾಪಾನಸತಿ ಕಲಿಸಿದರು. ಆದ್ದರಿಂದಲೇ ಮೊದಲಿಗೆ ಆ ಮಾತು ಹೇಳಿದೆ. ದೇಹ ಶತ್ರುವಲ್ಲ. ಧಮ್ಮ ಕೇಳುವುದಕ್ಕೂ, ತಾಯಿಯ ಬೆನ್ನು ಒರೆಸುವುದಕ್ಕೂ ನಮಗಿರುವುದು ಇದೊಂದೇ ಸಾಧನ. ಯಾರಿಗಾದರೂ ಬದುಕು ಬೇಡವೆನಿಸುತ್ತಿದ್ದರೆ ಒಬ್ಬರೇ ಕೂಡಬೇಡಿ. ಮನೆಯವರಿಗೆ, ವೈದ್ಯರಿಗೆ, ನಮ್ಮಲ್ಲಿ ಯಾರಿಗಾದರೂ ಹೇಳಿ. ಟೆಲಿ-ಮಾನಸ್ 14416 ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ.

*ಇಂದಿನ ಅಭ್ಯಾಸ* 🌿

▪️ ಐದು ನಿಮಿಷ ಉಸಿರು ಗಮನಿಸಿ. ಆಮೇಲೆ ಒಂದು ಸಲ ಮಾತ್ರ ನೆನೆಯಿರಿ: ಈ ದೇಹಕ್ಕೂ ಆ ಸ್ವಭಾವವಿದೆ. ಮತ್ತೆ ಉಸಿರಿಗೆ ಬನ್ನಿ.
▪️ ಮನೆಯಲ್ಲಿ, ಓಣಿಯಲ್ಲಿ ಹಾಸಿಗೆ ಹಿಡಿದವರಿದ್ದರೆ ಇಂದು ಹೋಗಿ ಅವರ ಬೆನ್ನು ನೋಡಿ, ಮಗ್ಗುಲು ಬದಲಿಸಿ, ಸೊಳ್ಳೆಪರದೆ ಕಟ್ಟಿ. ಗಾಯವಿದ್ದರೆ ದವಾಖಾನೆಗೆ ತೋರಿಸಿ. ಮನುಷ್ಯರ ಗಾಯಕ್ಕೆ ಟರ್ಪೆಂಟೈನ್ ಸುರಿಯಬೇಡಿ.
▪️ ಸ್ಮಶಾನದಲ್ಲಿ, ಶವಾಗಾರದಲ್ಲಿ ದುಡಿಯುವವರು ಸಿಕ್ಕರೆ ಒಟ್ಟಿಗೆ ಕೂತು ಚಹಾ ಕುಡಿಯಿರಿ.

ತಂಗಿ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಈ ಭಾಗ ಬಿಡುವುದು ಬೇಡ. ಮುಂದಿನ ಭಾನುವಾರ ಐದನೆಯ ಚಿಂತನೆಯಿಂದ ಓದು ಮುಂದುವರಿಯುತ್ತದೆ, ಓದಿ ಹೇಳುವವರು ನಮ್ಮ ಶವಾಗಾರದ ಅಣ್ಣ.

ಭವತು ಸಬ್ಬ ಮಂಗಲಂ 🌸
ಸಾಧು! ಸಾಧು! ಸಾಧು!